ಒಣ ಹವೆಯ ಮನೆಯಲ್ಲಿ ಹುಳುಹುಪ್ಪಟೆ: ಮೊದಲು ನೀರು ನೋಡಿ, ಆಮೇಲೆ ಔಷಧಿ

ಮರುಭೂಮಿಯಲ್ಲಿ ಹೊರಗೆ 45 ಡಿಗ್ರಿ ಕಾಯುತ್ತಿರುವಾಗ ಜಿರಳೆಗೂ ಚೇಳಿಗೂ ಇರುವೆಗೂ ಬೇಕಾಗಿರುವುದು ನೀರು ಮತ್ತು ತಂಪು. ಆ ಎರಡೂ ಒಟ್ಟಿಗೆ ಸಿಗುವ ಜಾಗ ನಮ್ಮ ಮನೆ. ಅದಕ್ಕೇ ಇಲ್ಲಿ ನಾನು ಸ್ಪ್ರೇ ಡಬ್ಬಕ್ಕೆ ಕೈ ಹಾಕುವ ಮೊದಲು ನೀರು ಎಲ್ಲಿ ನಿಂತಿದೆ, ಎಲ್ಲಿ ಸೋರುತ್ತಿದೆ ಎಂದು ಹುಡುಕುತ್ತೇನೆ.

ಮೊದಲು ಬಚ್ಚಲು. ದೊಡ್ಡ ಕೆಂಪು ಜಿರಳೆ ಹೆಚ್ಚಾಗಿ ಚರಂಡಿ ಪೈಪಿನಿಂದ ಬರುತ್ತದೆ. ಸಿಂಕ್ ಕೆಳಗೆ, ಬಚ್ಚಲ ಜಾಲರಿ ಕೆಳಗೆ ಪೈಪ್ ಬಾಗಿರುತ್ತದಲ್ವಾ, ಅಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರಬೇಕು. ಚರಂಡಿಯ ವಾಸನೆಯನ್ನೂ ಹುಳಗಳನ್ನೂ ತಡೆಯುವುದು ಆ ನೀರೇ. ಒಣ ಹವೆಯಲ್ಲಿ ಅದು ಬೇಗ ಆರಿಹೋಗುತ್ತದೆ. ಬಳಸದ ಬಚ್ಚಲಿಗೆ ನಾನು ವಾರಕ್ಕೊಮ್ಮೆ ಒಂದು ಚೊಂಬು ನೀರು ಹಾಕುತ್ತೇನೆ. ಊರಿಗೆ ಹೊರಟರೆ ನೀರಿನ ಮೇಲೆ ಒಂದೆರಡು ಚಮಚ ಅಡುಗೆ ಎಣ್ಣೆಯನ್ನೂ ಬಿಡುತ್ತೇನೆ. ಎಣ್ಣೆ ಮೇಲೆ ತೇಲುತ್ತದೆ, ನೀರು ಬೇಗ ಆರುವುದಿಲ್ಲ. ಜಾಲರಿ ಮೇಲೆ ಸಣ್ಣ ಕಣ್ಣಿನ ಸ್ಟೀಲ್ ಬಲೆ ಇಡಿ.

ಏರ್ ಕೂಲರ್ ಇದ್ದರೆ ತೊಟ್ಟಿಯನ್ನು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ, ಒಳಗೋಡೆಯನ್ನು ಬ್ರಷ್‌ನಿಂದ ಉಜ್ಜಿ. ಬರೀ ನೀರು ಚೆಲ್ಲಿದರೆ ಸಾಲದು. ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆ ಗೋಡೆಗೆ ಅಂಟಿಕೊಂಡು ಒಣಗಿದ ಸ್ಥಿತಿಯಲ್ಲೂ ತಿಂಗಳುಗಟ್ಟಲೆ ಬದುಕುತ್ತದೆ, ನೀರು ಬಿದ್ದ ಕೂಡಲೇ ಒಡೆಯುತ್ತದೆ. ಎಸಿ ನೀರು ಗೋಡೆ ಬುಡದಲ್ಲಿ ತೊಟ್ಟಿಕ್ಕುತ್ತಿದ್ದರೆ ಪೈಪ್ ಹಾಕಿ ದೂರ ಬಿಡಿ.

ಆಮೇಲೆ ಸಂದುಗಳು. ರಾತ್ರಿ ಒಳಗೆ ದೀಪ ಹಾಕಿ, ಹೊರಗೆ ನಿಂತು ಬಾಗಿಲು ನೋಡಿ. ಬೆಳಕು ಕಂಡ ಕಡೆಯೆಲ್ಲ ಹುಳ ಬರುವ ದಾರಿ. ಬಾಗಿಲ ಕೆಳಗೆ ರಬ್ಬರ್ ಪಟ್ಟಿ ಹಾಕಿಸಿ. ಪೈಪ್, ವೈರ್ ಒಳಬರುವ ತೂತುಗಳಿಗೆ ಸಿಲಿಕೋನ್ ತುಂಬಿ. ಇಲಿಮರಿಗೆ 6 ಮಿಲಿಮೀಟರ್ ತೂತು ಸಾಕು, ಅಂಥ ಕಡೆ ಮೊದಲು ಸ್ಟೀಲ್ ನಾರು (ಸ್ಟೀಲ್ ವೂಲ್) ತುರುಕಿ ಆಮೇಲೆ ಮುಚ್ಚಿ.

ಚೇಳಿನ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ, ಮನೆಯಲ್ಲಿ ಮಕ್ಕಳಿದ್ದರಂತೂ ಇನ್ನೂ ಹುಷಾರಾಗಿರಿ. ಸಾಮಾನ್ಯ ಸ್ಪ್ರೇಗೆ ಚೇಳು ಸುಲಭವಾಗಿ ಸಾಯುವುದಿಲ್ಲ. ಆಹಾರವಿಲ್ಲದೆ ತಿಂಗಳುಗಟ್ಟಲೆ ಇರಬಲ್ಲದು. ಹುಡುಕಿ ಹಿಡಿಯುವುದೇ ಸರಿ. ಚೇಳಿನ ಮೈ ಯುವಿ ಬೆಳಕಿಗೆ ಹಸಿರು-ನೀಲಿಯಾಗಿ ಹೊಳೆಯುತ್ತದೆ. ಕತ್ತಲಾದ ಮೇಲೆ ಬೂಟು ಹಾಕಿಕೊಂಡು, ಯುವಿ ಟಾರ್ಚ್ ಹಿಡಿದು ಕಾಂಪೌಂಡ್ ಬುಡ, ಕಲ್ಲುಗುಡ್ಡೆ, ಸೌದೆ ರಾಶಿ ನೋಡಿ. ಉದ್ದ ಇಕ್ಕಳದಲ್ಲಿ ಹಿಡಿದು ಮುಚ್ಚಳವಿರುವ ಗಾಜಿನ ಡಬ್ಬಕ್ಕೆ ಹಾಕಿ. ಆ ರಾಶಿಗಳನ್ನು ಗೋಡೆಯಿಂದ ದೂರ ಸರಿಸಿ. ಬಾಗಿಲ ಹೊರಗಿನ ಬಿಳಿ ದೀಪ ತೆಗೆದು ಹಳದಿ ಎಲ್‌ಇಡಿ ಹಾಕಿ. ದೀಪಕ್ಕೆ ಹುಳ ಕಮ್ಮಿ ಬಂದರೆ, ಅದನ್ನು ತಿನ್ನಲು ಬರುವ ಚೇಳೂ ಕಮ್ಮಿಯಾಗುತ್ತದೆ. ಮಂಚ ಗೋಡೆಗೆ ತಾಗದಿರಲಿ, ಹೊದಿಕೆ ನೆಲಕ್ಕೆ ಇಳಿಬೀಳದಿರಲಿ. ಶೂ, ಟವೆಲ್ ಕೊಡವಿಯೇ ಬಳಸಿ. ಕಚ್ಚಿದರೆ ಸೋಪಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು ಆಸ್ಪತ್ರೆಗೆ ಹೋಗಿ. ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡವೇ ಬೇಡ. ಮಗುವಿಗೆ ಕಚ್ಚಿದ್ದರೆ ಒಂದು ಗಳಿಗೆಯೂ ಕಾಯಬೇಡಿ.

ಅಡುಗೆಮನೆಯ ಸಣ್ಣ ಕಂದು ಜಿರಳೆ ಬೇರೆ ಜಾತಿ. ಅದು ರಟ್ಟಿನ ಪೆಟ್ಟಿಗೆ, ಹಳೆ ಸಾಮಾನಿನ ಜೊತೆ ಒಳಗೆ ಬರುತ್ತದೆ. ಒಂದೊಂದು ಮೊಟ್ಟೆಚೀಲದಲ್ಲಿ 30-40 ಮರಿ. ಹಾಗಾಗಿ ರಟ್ಟನ್ನು ಬಾಗಿಲಲ್ಲೇ ಬಿಚ್ಚಿ, ಹೊರಗೇ ಎಸೆಯಿರಿ. ಇದಕ್ಕೆ ಜಿರಳೆ ತಿಂದು ಸಾಯುವ ವಿಷದ ಜೆಲ್ ಒಳ್ಳೆಯದು. ಕಪಾಟಿನ ಬಾಗಿಲ ಕೀಲು, ಫ್ರಿಜ್ ಹಿಂದೆ, ಸಿಂಕ್ ಕೆಳಗೆ ಸಣ್ಣ ಸಣ್ಣ ಚುಕ್ಕೆ ಇಡಿ. ಜೆಲ್ ಇಟ್ಟ ಕಡೆ ಸ್ಪ್ರೇ ಹೊಡೆಯಬೇಡಿ. ಹೊಡೆದರೆ ಜಿರಳೆ ಜೆಲ್ ಹತ್ತಿರವೇ ಸುಳಿಯುವುದಿಲ್ಲ, ಇಟ್ಟಿದ್ದೆಲ್ಲ ದಂಡ.

ಇರುವೆಗೆ 100 ಎಂಎಲ್ ನೀರು, 10 ಗ್ರಾಂ ಸಕ್ಕರೆ, 1 ಗ್ರಾಂ ಬೋರಿಕ್ ಪುಡಿ ಕಲಸಿ, ಹತ್ತಿಯಲ್ಲಿ ಅದ್ದಿ ಅವುಗಳ ದಾರಿಯಲ್ಲಿಡಿ. ಮಕ್ಕಳಿಗೆ, ನಾಯಿ ಬೆಕ್ಕಿಗೆ ಸಿಗದ ಜಾಗವೇ ಆಗಬೇಕು. ಪುಡಿ ಜಾಸ್ತಿ ಹಾಕಿದರೆ ಇರುವೆ ದಾರಿಯಲ್ಲೇ ಸಾಯುತ್ತದೆ, ಗೂಡಿಗೆ ವಿಷ ತಲುಪುವುದೇ ಇಲ್ಲ. ಮೊದಲ ದಿನ ಸಾಲು ಹೆಚ್ಚಾಗಬಹುದು, ಒರೆಸದೆ ಬಿಡಿ.

ಗೋಡೆ ಬುಡದಲ್ಲಿ ಮಣ್ಣಿನ ಗೆರೆ ಮೇಲೆ ಹತ್ತಿದ್ದರೆ ಅದು ಗೆದ್ದಲು. ಇಷ್ಟು ಒಣ ಹವೆಯಲ್ಲೂ ಅದು ಬದುಕುವುದು ಮಣ್ಣಿನ ತೇವದಿಂದ. ಗಿಡಗಳ ಡ್ರಿಪ್ ಪೈಪನ್ನು ಗೋಡೆಯಿಂದ ದೂರ ಎಳೆಯಿರಿ. ಗೆರೆ ಒಂದು ಕಡೆ ಒಡೆದು ನೋಡಿ, ಮತ್ತೆ ಕಟ್ಟಿದರೆ ಒಳಗೆ ಗೆದ್ದಲು ಇನ್ನೂ ಇದೆ. ಇದಕ್ಕೆ ಮಾತ್ರ ಮನೆಮದ್ದು ಬೇಡ, ಪೆಸ್ಟ್ ಕಂಟ್ರೋಲ್‌ನವರನ್ನೇ ಕರೆಯಿರಿ.