ಗೋಂದು ಹಚ್ಚಿ ಉಳಿಸಿಕೊಂಡ ನ್ಯಾಟ್ ಕಿಂಗ್ ಕೋಲ್

ಕೊಳೆ ತೆಗೆಯಲು ಗ್ರಾಮಫೋನ್ ರೆಕಾರ್ಡಿನ ಮೇಲೆ ಬಡಗಿಯ ಬಿಳಿ ಗೋಂದು ಸುರಿಯುತ್ತೇನೆ ಎಂದಾಗ ನಮ್ಮ ಸಂಗ್ರಾಹಕರ ಬಳಗದ ಹಿರಿಯರೊಬ್ಬರು ಫೋನಿನಲ್ಲೇ ನಕ್ಕರು. ಅವರ ಮನೆಯಲ್ಲಿ ಮೂರು ಸಾವಿರ ಎಲ್‌ಪಿ ರೆಕಾರ್ಡುಗಳಿವೆ, ಮಾತಿಗೆ ತೂಕವಿದೆ. "ನಿಮಗೆ ಬೇಡವಾದರೆ ನನಗೆ ಕೊಟ್ಟುಬಿಡಿ, ಕೊಲೆ ಯಾಕೆ ಮಾಡುತ್ತೀರಿ?" ಎಂದರು. ಅದು ನಾಲ್ಕೈದು ವರ್ಷದ ಹಿಂದಿನ ಮಾತು. ಈಗ ನನ್ನ ಕಪಾಟಿನಲ್ಲಿ ಗೋಂದಿನ ಸ್ನಾನ ಮುಗಿಸಿದ ಇನ್ನೂರಕ್ಕೆ ಹತ್ತಿರದಷ್ಟು ರೆಕಾರ್ಡುಗಳಿವೆ. ನನ್ನ ಕೈಯಲ್ಲಿ ಸತ್ತದ್ದು ಒಟ್ಟು ಒಂಬತ್ತು. ಅದರಲ್ಲಿ ಏಳು ಮೊದಲ ಎರಡು ತಿಂಗಳಲ್ಲೇ ಹೋದವು. ಕಲಿತದ್ದೆಲ್ಲ ಆ ಏಳರಿಂದಲೇ.

ಇದೆಲ್ಲ ಶುರುವಾದದ್ದು ಕೆಜಿಎಫ್‌ನ ಒಂದು ತಗಡಿನ ಟ್ರಂಕಿನಿಂದ. ಒಂದು ಕಾಲಕ್ಕೆ ಆ ಊರನ್ನು ಪುಟ್ಟ ಇಂಗ್ಲೆಂಡ್ ಎನ್ನುತ್ತಿದ್ದರು. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿನ ಆಂಗ್ಲೋ ಇಂಡಿಯನ್ ಮನೆಗಳು ಒಂದೊಂದಾಗಿ ಖಾಲಿಯಾದವು. ಅಂಥ ಮನೆಯೊಂದರ ವೃದ್ಧೆ ಮಗಳ ಜೊತೆ ಇರಲು ಆಸ್ಟ್ರೇಲಿಯಕ್ಕೆ ಹೊರಟಿದ್ದರು. ತಂದೆಯ ಟ್ರಂಕನ್ನು ಗುಜರಿಯವನಿಗೆ ಹಾಕಲು ಅವರಿಗೆ ಮನಸ್ಸಿರಲಿಲ್ಲ. ನಲವತ್ತಾರು ರೆಕಾರ್ಡಿಗೆ ಏಳು ಸಾವಿರ ಕೊಟ್ಟ ನೆನಪು. ಚೌಕಾಸಿ ಮಾಡಲು ಬಾಯಿ ಬರಲಿಲ್ಲ. ಒಂದೊಂದು ಹೊದಿಕೆಯ ಹಿಂದೆಯೂ ಅವರ ತಂದೆ ಕೊಂಡ ತಾರೀಖನ್ನು ಶಾಯಿಯಲ್ಲಿ ಬರೆದಿಟ್ಟಿದ್ದರು.

ಮನೆಗೆ ತಂದು ತೆರೆದಾಗ ಎದೆ ಧಸಕ್ಕೆಂದಿತು. ಸೋರುವ ಮಾಡಿನ ಕೆಳಗೆ ಎಷ್ಟೋ ಮಳೆಗಾಲ ಕಳೆದ ಟ್ರಂಕು ಅದು. ಅಮೆರಿಕದ ಗಾಯಕ ನ್ಯಾಟ್ ಕಿಂಗ್ ಕೋಲ್, ಗಾಯಕಿ ಎಲಾ ಫಿಟ್ಜ್‌ಜೆರಾಲ್ಡ್, ವಾದ್ಯವೃಂದದ ನಾಯಕರಾದ ಮಾಂಟೋವಾನಿ, ರೇ ಕಾನಿಫ್, ನಮ್ಮ ಮದರಾಸಿನಲ್ಲೇ ಹುಟ್ಟಿದ ಎಂಗೆಲ್ಬರ್ಟ್ ಹಂಪರ್ಡಿಂಕ್, ಅಂಥ ಮನೆಗಳಲ್ಲಿ ಇರಲೇಬೇಕಾದ ಜಿಮ್ ರೀವ್ಸ್ ಐದು. ಹೆಚ್ಚಿನವು ಕಲ್ಕತ್ತೆಯ ಡಮ್‌ಡಮ್ ಕಾರ್ಖಾನೆಯಲ್ಲಿ ಒತ್ತಿದವು. ಎಲ್ಲದರ ಮೇಲೂ ಬೂಷ್ಟು. ಅದು ಉಪ್ಪಿನಕಾಯಿ ಭರಣಿಯ ಬೂಷ್ಟಿನಂತೆ ಮೇಲೆ ತೇಲುವುದಲ್ಲ, ಸೂಜಿ ಓಡುವ ಗೀರುಗಳೊಳಗೆ ಬೇರು ಬಿಟ್ಟದ್ದು.

ಬೂಷ್ಟು ಹಿಡಿದ ರಾಕ್ ರೆಕಾರ್ಡನ್ನಾದರೂ ಸಹಿಸಿಕೊಂಡು ಕೇಳಬಹುದು, ಡ್ರಮ್ಮಿನ ಅಬ್ಬರದಲ್ಲಿ ಚಟಪಟ ಮುಚ್ಚಿಹೋಗುತ್ತದೆ. ಮೆಲುದನಿಯ ಹಾಡುಗಾರಿಕೆಯಲ್ಲಿ ಆ ಸೌಕರ್ಯವಿಲ್ಲ. 1957ರಲ್ಲಿ ಗಾರ್ಡನ್ ಜೆಂಕಿನ್ಸ್ ತಂತಿವಾದ್ಯಗಳನ್ನು ಹೊಂದಿಸಿಕೊಟ್ಟ ನ್ಯಾಟ್ ಕಿಂಗ್ ಕೋಲ್ ಆಲ್ಬಮ್ಮಿನಲ್ಲಿ ಗಾಯಕ ಉಸಿರೆಳೆದುಕೊಳ್ಳುವುದೂ ಕೇಳಬೇಕು. ನನ್ನ ಪ್ರತಿಯಲ್ಲಿ ಕೇಳುತ್ತಿದ್ದುದು ಎಣ್ಣೆಗೆ ಬಿಟ್ಟ ಹಪ್ಪಳ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಪಾತ್ರೆ ತೊಳೆಯುವ ದ್ರವ ಹಾಕಿ ನಲ್ಲಿ ನೀರಿನಲ್ಲಿ ತೊಳೆದೆ. ನಮ್ಮ ಬೀದಿಯದು ಬೋರ್‌ವೆಲ್ ನೀರು. ಒಣಗಿದ ಮೇಲೆ ಗೀಸರಿನ ಕಾಯಿಲಿನ ಮೇಲೆ ಕಟ್ಟುವ ಬಿಳಿ ಪದರವೇ ರೆಕಾರ್ಡಿನ ಮೇಲೂ ಕಟ್ಟಿತ್ತು, ಸದ್ದು ಹೆಚ್ಚಾಯಿತು. ಆಮೇಲೆ ಹಳೆಯ ವ್ಯಾಕ್ಯೂಮ್ ಕ್ಲೀನರಿಗೆ ಪಿವಿಸಿ ಪೈಪು ಸೀಳಿ, ಮಖಮಲ್ಲು ಅಂಟಿಸಿ, ನೀರು ಹೀರುವ ಯಂತ್ರ ಮಾಡಿದೆ. ಹನ್ನೊಂದು ಸಾವಿರ ಖರ್ಚು, ಎರಡು ತಿಂಗಳ ಭಾನುವಾರಗಳು. ಧೂಳು ಹೋಯಿತು, ಬೂಷ್ಟು ಕದಲಲಿಲ್ಲ. ಅದರ ಸದ್ದಿಗೆ ಪಕ್ಕದ ಮನೆಯವರು ಮಾತು ಬಿಟ್ಟದ್ದೇ ಲಾಭ. ಶಬ್ದದ ಅಲೆಯಿಂದ ಕೊಳೆ ಬಿಡಿಸುವ ಅಲ್ಟ್ರಾಸೋನಿಕ್ ಯಂತ್ರಕ್ಕೆ ಆಗ ಲಕ್ಷದ ಹತ್ತಿರ ಹೇಳುತ್ತಿದ್ದರು. ಏಳು ಸಾವಿರದ ಟ್ರಂಕಿಗೆ ಲಕ್ಷದ ಯಂತ್ರ ಎಂದರೆ ಮನೆಯವಳ ಮುಖ ನೋಡಲಾಗುತ್ತಿರಲಿಲ್ಲ.

ಗೋಂದಿನ ವಿಷಯ ನನ್ನ ಸಂಶೋಧನೆಯಲ್ಲ, ಹೊರದೇಶದ ಸಂಗ್ರಾಹಕರು ಎಷ್ಟೋ ವರ್ಷದಿಂದ ಮಾಡುತ್ತಿದ್ದಾರೆ. ಬಿಳಿ ಗೋಂದು ಎಲ್‌ಪಿಯ ಪ್ಲಾಸ್ಟಿಕ್ಕಿಗೆ ಅಂಟುವುದಿಲ್ಲ, ಕೊಳೆಗೆ ಅಂಟುತ್ತದೆ. ಒಣಗಿದ ಪದರ ಎತ್ತಿದರೆ ಕೊಳೆಯೂ ಎದ್ದು ಬರುತ್ತದೆ. ಇಷ್ಟು ಹೇಳುವುದು ಸುಲಭ. ಅವರು ಹೇಳಿದ ಹೊತ್ತು, ಪ್ರಮಾಣ ಯಾವುದೂ ಬೆಂಗಳೂರಿನ ಹವೆಗೆ ಹೊಂದುವುದಿಲ್ಲ.

ಮೊದಲನೆಯದು ಜಿಮ್ ರೀವ್ಸ್. ಐದಿವೆಯಲ್ಲ ಎಂದು ಅವನನ್ನೇ ಬಲಿ ಕೊಟ್ಟೆ. ಜಿಪುಣತನದಿಂದ ತೆಳ್ಳಗೆ ಸವರಿದೆ. ಎತ್ತಲು ಹೋದರೆ ಬಿಸಿಲಿಗೆ ಸುಟ್ಟ ಬೆನ್ನಿನ ಸಿಪ್ಪೆಯಂತೆ ಚೂರುಚೂರಾಗಿ ಬಂತು, ಉಳಿದದ್ದನ್ನು ಉಗುರಿನಿಂದ ಕೆರೆದೆ. ಅಲ್ಲಿಗೆ ಅದು ಮುಗಿಯಿತು. ಚೂರು ಉಳಿದರೆ ಅದರ ಮೇಲೆ ಮತ್ತೆ ಗೋಂದು ಹಚ್ಚಿ ಕಾಯಬೇಕು, ಹೊಸದು ಹಳೆಯದನ್ನು ಹಿಡಿದುಕೊಂಡು ಬರುತ್ತದೆ ಎಂದು ತಿಳಿದದ್ದು ಆಮೇಲೆ. ಎರಡನೆಯದಕ್ಕೆ ಬೇಗ ಒಣಗಲಿ ಎಂದು ಮಗಳ ಹೇರ್ ಡ್ರೈಯರ್ ಹಿಡಿದೆ. ರೆಕಾರ್ಡು ಹಪ್ಪಳವಾಯಿತು. ಮೂರನೆಯದರಲ್ಲಿ ಗೋಂದು ನಡುವಿನ ಚೀಟಿಯ ಮೇಲೆ ಹರಿದು, ಎತ್ತುವಾಗ ಚೀಟಿಯೂ ಕಿತ್ತು ಬಂತು. ನಾಲ್ಕು, ಐದು ಹೋದದ್ದು ದುಡ್ಡು ಉಳಿಸಲು ಹೋಗಿ. ಅಂಗಡಿಯವನು ಅಗ್ಗದ ಡಬ್ಬಿ ಕೊಟ್ಟ, ಅದರ ಮೇಲೆ ನೀರಿಗೆ ಜಗ್ಗುವುದಿಲ್ಲ ಎಂದು ಬರೆದಿತ್ತು. ಒಳ್ಳೆಯದೇ ಇರಬೇಕು ಎಂದುಕೊಂಡೆ. ಅದು ನನಗೂ ಜಗ್ಗಲಿಲ್ಲ. ಆ ಎರಡು ರೆಕಾರ್ಡುಗಳು ಇಂದಿಗೂ ಬಿಳಿ ಪದರ ಹೊದ್ದುಕೊಂಡು ಅಟ್ಟದ ಮೇಲಿವೆ. ನೀರಿನಲ್ಲಿ ಕರಗುವ ಸಾದಾ ಬಿಳಿ ಗೋಂದನ್ನೇ ಕೊಳ್ಳಿ, ಬೇರೆ ಯಾವುದನ್ನೂ ಮುಟ್ಟಬೇಡಿ.

ಉಳಿದೆರಡನ್ನು ಆಷಾಢ ತಿಂದಿತು. ಮಾರ್ಚಿನಲ್ಲಿ ರಾತ್ರಿ ಹಚ್ಚಿದರೆ ಬೆಳಗ್ಗೆ ಹತ್ತಕ್ಕೆ ಏಳುವ ಪದರ ಜುಲೈಯಲ್ಲಿ ಎರಡು ದಿನ ಕಳೆದರೂ ಒಳಗೆ ಹಾಲಿನಂತೆ ಬಿಳುಪಾಗಿಯೇ ಇರುತ್ತದೆ. ತಾಳ್ಮೆ ಕೆಟ್ಟು ಎಳೆದೆ. ನೆನಪಿಡಿ: ಗಾಜಿನಂತೆ ಪೂರ್ತಿ ಪಾರದರ್ಶಕವಾಗದ ಹೊರತು ಕೈ ಹಾಕಬಾರದು.

ಈಗ ನಾನು ಮಾಡುವುದು ಹೀಗೆ. ಕೆಟ್ಟು ಬಿದ್ದ ಹಳೆಯ ಟರ್ನ್‌ಟೇಬಲ್ಲಿನ ಮೇಲೆ ರೆಕಾರ್ಡು ಇಟ್ಟು, ಕುಂಬಾರನ ತಿಗರಿಯಂತೆ ಕೈಯಲ್ಲಿ ತಿರುಗಿಸುತ್ತ, ಒಂದು ಬದಿಗೆ ಸುಮಾರು ಐವತ್ತು ಗ್ರಾಂ ಸುರಿದು, ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಹರಡುತ್ತೇನೆ. ಪದರ ದೋಸೆಯಷ್ಟು ದಪ್ಪ ಇರಬೇಕು, ಪೇಪರ್ ದೋಸೆಯಷ್ಟಲ್ಲ. ಅಂಚಿನಲ್ಲಿ ಒಂದು ಕಡೆ ದಪ್ಪ ನಾಲಗೆಯಂತೆ ಬಿಡುತ್ತೇನೆ, ಎತ್ತುವಾಗ ಹಿಡಿಯಲು. ಗೋಂದಿಗೆ ಇನ್ನೊಂದು ವಸ್ತುವನ್ನು ಕೆಲವು ಹನಿ ಬೆರೆಸುತ್ತೇನೆ. ಅದರಿಂದ ಅದು ಗೀರಿನ ತಳದವರೆಗೆ ಇಳಿಯುತ್ತದೆ, ಗುಳ್ಳೆ ಬರುವುದಿಲ್ಲ. ಏನು, ಎಷ್ಟು ಎಂಬುದು ನನ್ನ ಹತ್ತಿರವೇ ಇರಲಿ. ಅಡುಗೆಮನೆಯಲ್ಲಿ ಇರುವ ವಸ್ತುವೇ, ಹುಡುಕುವವರಿಗೆ ಸಿಗುತ್ತದೆ. ಪದರ ಒಂದೇ ಹಾಳೆಯಾಗಿ ಎದ್ದು ಬರುವ ಸುಖವನ್ನು ಮಾತಿನಲ್ಲಿ ಹೇಳಲಾರೆ. ಬೆಳಕಿಗೆ ಹಿಡಿದರೆ ಗೀರುಗಳ ಅಚ್ಚು, ಅದರೊಳಗೆ ಅರ್ಧ ಶತಮಾನದ ಕೊಳೆ.

ಎತ್ತಿದ ಕೂಡಲೇ ರೆಕಾರ್ಡಿನಲ್ಲಿ ಸ್ಥಿರ ವಿದ್ಯುತ್ತು ಎಷ್ಟು ತುಂಬಿರುತ್ತದೆ ಎಂದರೆ ಕೋಣೆಯ ಧೂಳೆಲ್ಲ ಓಡಿ ಬಂದು ಕೂರುತ್ತದೆ. ಒಮ್ಮೆ ಹಾಸಿಗೆಯ ಪಕ್ಕದಲ್ಲಿ ಎತ್ತಿ ಹತ್ತಿಯ ಎಳೆಗಳನ್ನೆಲ್ಲ ಅದಕ್ಕೆ ತಿನ್ನಿಸಿದೆ. ಈಗ ಸ್ನಾನದ ಮನೆಯಲ್ಲಿ ಎತ್ತಿ, ತಕ್ಷಣ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸುತ್ತೇನೆ. ಒಂದು ರೆಕಾರ್ಡಿಗೆ ಗೋಂದು, ನೀರು ಎಲ್ಲ ಸೇರಿ ಮೂವತ್ತು ರೂಪಾಯಿ ಬೀಳುತ್ತದೆ. ಐದು ಕಿಲೋ ಡಬ್ಬಿ ತಂದರೆ ಇನ್ನೂ ಕಡಿಮೆ.

ಎಲ್‌ಪಿಯಲ್ಲಿ ಗೆದ್ದ ಉಬ್ಬಿನಲ್ಲಿ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳೆರಡಕ್ಕೂ ಕೈ ಹಾಕಿದೆ. ಗೋಂದಿಗೆ ಧೈರ್ಯ ಬರಲಿಲ್ಲ, ಸ್ಪಿರಿಟ್ಟಿನಲ್ಲಿ ಒರೆಸಿದೆ. ಬಟ್ಟೆಗೆ ಕಪ್ಪು ಬಣ್ಣ ಬಂತು. ಎಷ್ಟು ಕೊಳೆ ಎಂದು ಖುಷಿಯಿಂದ ಇನ್ನಷ್ಟು ಒರೆಸಿದೆ. ಅದು ಕೊಳೆಯಲ್ಲ, ತಟ್ಟೆಯೇ ಕರಗುತ್ತಿತ್ತು. ಆ ತಟ್ಟೆಗಳು ಅರಗಿನವು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿಯೇ ಬಡಗಿ ಪಾಲಿಶ್ ಮಾಡುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಬುದ್ಧಿ ಮಾತ್ರ ಆ ಹೊತ್ತಿಗೆ ಬರಲಿಲ್ಲ. ಮೇಲೆ ಹೇಳಿದ ಒಂಬತ್ತರ ಲೆಕ್ಕದಲ್ಲಿ ಆ ಎರಡೂ ಸೇರಿವೆ.

ಗೋಂದು ಕೊಳೆ ತೆಗೆಯುತ್ತದೆ, ಸವೆತವನ್ನು ತುಂಬುವುದಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು. ಟ್ರಂಕಿನ ಯಜಮಾನರ ರೇಡಿಯೋಗ್ರಾಮಿನ (ರೇಡಿಯೋ, ರೆಕಾರ್ಡ್ ಪ್ಲೇಯರ್ ಕೂಡಿದ ಪೆಟ್ಟಿಗೆ) ಸೂಜಿ ಐದಾರು ಗ್ರಾಂ ಭಾರ ಹಾಕಿ ಉತ್ತಿತ್ತು; ಇಂದಿನ ಸೂಜಿ ಹಿಡಿಯುವ ಕಾರ್ಟ್ರಿಜ್‌ಗಳು ಎರಡು ಗ್ರಾಮಿನ ಆಸುಪಾಸು. ಎಲಾ ಅವರ ಮೇಲಿನ ಸ್ವರಗಳೆಲ್ಲ ಒಡೆದು ಬರುತ್ತಿದ್ದವು. ಮೂರು ಸಲ ಗೋಂದು ಹಚ್ಚಿದೆ, ಬದಲಾಗಲಿಲ್ಲ. ಕೊನೆಗೆ ಸೂಜಿ ಬದಲಿಸಿದೆ. ಆ ಕಾಲದ ಮೊನೊ (ಒಂದೇ ಚಾನೆಲಿನ) ಎಲ್‌ಪಿಯ ಗೀರಿಗೆ 25 ಮೈಕ್ರಾನಿನ ದುಂಡು ತುದಿಯ ಸೂಜಿ ಬೇಕು. ನಾವು ಸ್ಟೀರಿಯೊಗೆ ಹಾಕುವುದು 18ರದ್ದು, ಅದು ಗೀರಿನ ತಳಕ್ಕೆ ಇಳಿದು ಅಲ್ಲಿನ ಕಸವನ್ನೆಲ್ಲ ಓದುತ್ತದೆ. ದುಂಡು ತುದಿಯ ಸೂಜಿ ಸ್ವಲ್ಪ ಮೇಲೆ, ಗೋಡೆಯ ಸವೆಯದ ಭಾಗದಲ್ಲಿ ಓಡುತ್ತದೆ. ಎಡ ಬಲ ಎರಡು ಚಾನೆಲನ್ನೂ ಕೂಡಿಸಿಬಿಟ್ಟರೆ ಸೂಜಿ ಮೇಲೆ ಕೆಳಗೆ ಕುಣಿದು ಬರುವ ಸದ್ದೆಲ್ಲ ತಾನೇ ಹೊಡೆದುಕೊಂಡು ಹೋಗುತ್ತದೆ. ಸೂಜಿಗೆ ನಾಲ್ಕು ಸಾವಿರದ ಚಿಲ್ಲರೆ. ಯಂತ್ರಕ್ಕೆ ಸುರಿದ ಹನ್ನೊಂದು ಸಾವಿರ ಮೊದಲೇ ಇಲ್ಲಿಗೆ ಬಂದಿದ್ದರೆ ಎನಿಸಿತು.

ಟ್ರಂಕು ಬಂದಾಗ ನಾನು ಮಾಂಟೋವಾನಿಯನ್ನು ಮಾರಿಬಿಡಲು ತೆಗೆದಿಟ್ಟಿದ್ದೆ. ಜಾಝ್ ಕೇಳುವವರಿಗೆ ಅದು ಹೋಟೆಲ್ ಲಿಫ್ಟಿನ ಸಂಗೀತ, ನಾನೂ ಹಾಗೇ ಮೂಗು ಮುರಿಯುತ್ತಿದ್ದವನು. ಪ್ರಯೋಗಕ್ಕೆಂದು ಅದಕ್ಕೂ ಗೋಂದು ಹಚ್ಚಿ ಕೇಳಿದೆ. 1951ರಲ್ಲಿ ಸಂಗೀತ ಸಂಯೋಜಕ ರೊನಾಲ್ಡ್ ಬಿಂಜ್ ಅವನಿಗಾಗಿ ಮಾಡಿಕೊಟ್ಟ ಉಪಾಯ ಆಗ ಕಿವಿಗೆ ಬಿತ್ತು. ಪಿಟೀಲುಗಳನ್ನು ಗುಂಪುಗಳಾಗಿ ಒಡೆದು, ಒಂದು ಗುಂಪು ಬಿಡುವ ಸ್ವರವನ್ನು ಇನ್ನೊಂದು ಹಿಡಿದು ನಿಲ್ಲಿಸುವಂತೆ ಬರೆದಿದ್ದಾನೆ. ದೊಡ್ಡ ಚರ್ಚಿನ ಮಾರ್ದನಿ ಯಾವ ಯಂತ್ರವೂ ಇಲ್ಲದೆ ಬರುತ್ತದೆ. ಕೊಳೆಯಿದ್ದಾಗ ಅದೆಲ್ಲ ಗಂಜಿ. ಮಾರುವ ಯೋಚನೆ ಬಿಟ್ಟೆ. ನಮ್ಮ ಭಾನುವಾರದ ಬಜಾರಿನಲ್ಲಿ ಇಂಥವು ಈಗಲೂ ನೂರು, ನೂರೈವತ್ತಕ್ಕೆ ಸಿಗುತ್ತವೆ. ನಾಲ್ಕು ಸಾವಿರ ಹೇಳುವ ಜಾಝ್ ಹಿಂದೆ ಜನ ಓಡುತ್ತಿರಲಿ, ನನಗೆ ಅನುಕೂಲವೇ.

ನನ್ನ ಭಾವಮೈದುನ ಪಿಟೀಲು ನುಡಿಸುತ್ತಾನೆ. ಜಾಝ್ ತುತ್ತೂರಿಗಾರ ಮೈಲ್ಸ್ ಡೇವಿಸ್‌ನ 1959ರ ಪ್ರಸಿದ್ಧ ಆಲ್ಬಮ್ಮಿನ ಹಳೆಯ ಪ್ರತಿಯೊಂದನ್ನು ತೊಳೆದು ಹೆಮ್ಮೆಯಿಂದ ಹಾಕಿದರೆ ಅವನು, "ಭಾವ, ನಿಮ್ಮ ಯಂತ್ರ ಶ್ರುತಿ ಬಿಟ್ಟು ಓಡುತ್ತಿದೆ" ಎಂದ. ಶ್ರುತಿಪೆಟ್ಟಿಗೆ ಇಟ್ಟು ತೋರಿಸಿದ, ಕೂದಲೆಳೆಯಷ್ಟು ಮೇಲೇ ಇತ್ತು. ಬೆಲ್ಟು ಬದಲಿಸಿದೆ, ಮೋಟಾರು ಬಿಚ್ಚಿದೆ, ವೇಗ ನೋಡುವ ಸ್ಟ್ರೋಬ್ ತಟ್ಟೆ ತರಿಸಿದೆ, ಸಾವಿರದೈನೂರು ಹೋಯಿತು. ವೇಗ ಸರಿಯಾಗಿಯೇ ಇತ್ತು. ಎರಡನೇ ಬದಿ ಹಾಕಿದರೆ ಶ್ರುತಿಯೂ ಸರಿ! ಆಮೇಲೆ ಗೊತ್ತಾಯಿತು, ನ್ಯೂಯಾರ್ಕಿನ ಸ್ಟುಡಿಯೊದಲ್ಲಿ ಮೊದಲ ದಿನದ ಧ್ವನಿಮುದ್ರಣದ ಟೇಪು ಯಂತ್ರವೇ ನಿಧಾನ ಓಡಿತ್ತು, ಹಾಗಾಗಿ ಮೊದಲ ಬದಿ ಎಲ್ಲ ಹಳೆಯ ಪ್ರತಿಗಳಲ್ಲೂ ತುಸು ಏರು. 1990ರ ದಶಕದಲ್ಲಷ್ಟೇ ತಿದ್ದಿದರು. ನಮ್ಮ ಹುಡುಗ ಕಾಫಿ ಕುಡಿಯುತ್ತ ಹಿಡಿದುಬಿಟ್ಟ. 1959ರದೇ ಆದ, ಜಾಝ್ ಪಿಯಾನೊ ವಾದಕ ಡೇವ್ ಬ್ರೂಬೆಕ್‌ನ ಆಲ್ಬಮ್ಮಿನ ಐದು ಎಣಿಕೆಯ ರಚನೆ ಹಾಕಿದಾಗ ಖಂಡ ಚಾಪು ತಾಳ ಹಾಕಲು ಹೋಗಿ ಎಡವಿದ. ನಮ್ಮದು ಎರಡು ಮೂರು, ಅದು ಮೂರು ಎರಡು. ಒಂದಕ್ಕೊಂದು ಸರಿಹೋಯಿತು ಎಂದು ನಾನು ನಕ್ಕೆ.

ಕಂಪ್ಯೂಟರಿಗೆ ಇಳಿಸುವಾಗ ಒಂದು ಎಚ್ಚರ. ಚಟಪಟ ತೆಗೆಯುವ ತಂತ್ರಾಂಶಕ್ಕೆ ತುತ್ತೂರಿಯ ಮೊದಲ ಹೊಡೆತವೂ ಚಟಪಟ ಸದ್ದೂ ಒಂದೇ ಥರ ಕಾಣುತ್ತವೆ. ಜಾಕಿ ಗ್ಲೀಸನ್ನನ ರೆಕಾರ್ಡಿನಲ್ಲಿ ತುತ್ತೂರಿಗಾರ ಬಾಬಿ ಹ್ಯಾಕೆಟ್ ಊದುವ ಜಾಗವೆಲ್ಲ ಹತ್ತಿ ತುರುಕಿದಂತೆ ಆಗಿತ್ತು. ಎಲ್ಲ ಅಳಿಸಿ, ಕೈಯಿಂದಲೇ ಒಂದೊಂದು ಚಟಪಟವನ್ನೂ ಹುಡುಕಿ ತೆಗೆದೆ. ನಲವತ್ತು ನಿಮಿಷದ ರೆಕಾರ್ಡಿಗೆ ಮೂರು ಸಂಜೆ. 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಒಂದೊಂದು ರೆಕಾರ್ಡೂ ಒಂದೂವರೆ ಜಿಬಿಯ ಹತ್ತಿರ ತಿನ್ನುತ್ತದೆ. ಹೊದಿಕೆಯ ಹಿಂದಿನ ಕೈಬರಹದ ಫೋಟೊವನ್ನೂ ಜೊತೆಗಿಡುತ್ತೇನೆ.

ಮೊನ್ನೆ ಆ ಹಿರಿಯರು ಮೊಮ್ಮಗನ ಉಪನಯನದ ಕರೆಯೋಲೆ ಕೊಡಲು ಬಂದಿದ್ದರು. ಕೇಳಿ ಎಂದು ನಾನು ಹೇಳಲಿಲ್ಲ, ಸುಮ್ಮನೆ ನ್ಯಾಟ್ ಕಿಂಗ್ ಕೋಲ್ ಹಾಕಿದೆ. ಮೊದಲ ಹಾಡಿನ ತಂತಿಗಳು ಎದ್ದವು. ಅವರು ಹೇಳುತ್ತಿದ್ದ ಛತ್ರದ ವಿಳಾಸ ಅರ್ಧಕ್ಕೇ ನಿಂತಿತು. ಬದಿ ಮುಗಿಯುವವರೆಗೆ ಕೂತಿದ್ದು, "ಯಾವ ಕಂಪನಿಯ ಗೋಂದು?" ಎಂದಷ್ಟೇ ಕೇಳಿದರು. ಕಂಪನಿಯ ಹೆಸರು ಹೇಳಿದೆ. ಬೆರೆಸುವ ವಸ್ತುವನ್ನು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮರುವಾರ ಅವರ ಡ್ರೈವರ್ ಐದು ಎಲ್‌ಪಿಗಳ ಚೀಲ ತಂದಿಟ್ಟು ಹೋದ. ಹೊರಗೆ ಮಳೆ ಹಿಡಿದು ಕೂತಿದೆ. ದೀಪಾವಳಿ ಕಳೆಯಲಿ ಎಂದು ಹೇಳಿ ಕಳಿಸಿದ್ದೇನೆ.