ಜುಕಿನಿ ನೂಡಲ್ಸ್: ಒಂದೇ ಬಾಣಲೆ, ಕಾಲು ಗಂಟೆ

ಸೌತೆಕಾಯಿಯಂತೆ ಕಾಣುವ ಜುಕಿನಿ ಎಂಬ ತರಕಾರಿಯಿಂದ ನೂಡಲ್ಸಿನಂತೆ ತೆಗೆದ ಎಳೆಗಳನ್ನು ನಂಬಿ ಒಂದೇ ಬಾಣಲೆಯಲ್ಲಿ ಊಟ ಮುಗಿಸಲು ಹೊರಟರೆ ಕೊನೆಗೆ ಸಿಗುವುದು ಸಾರು ಮಾತ್ರ ಎಂದು ಸುಮಾರು ಒಂದು ವರ್ಷ ನನ್ನನ್ನು ನೋಡಿ ನಕ್ಕ ಮನೆಯವರೇ ಈಗ ವಾರಕ್ಕೆ ಎರಡು ಸಲ ಅದನ್ನೇ ಕೇಳಿ ಮಾಡಿಸಿಕೊಳ್ಳುತ್ತಿದ್ದಾರೆ. ಆದ್ದರಿಂದ ನಾನು ಕೆಡಿಸಿದ್ದನ್ನೂ ಸರಿಪಡಿಸಿಕೊಂಡದ್ದನ್ನೂ ಬರೆದಿಡಲು ನನಗೆ ಸ್ವಲ್ಪ ಹಕ್ಕಿದೆ ಎಂದುಕೊಂಡಿದ್ದೇನೆ. ಎಳೆ ತೆಗೆಯುವ ಮೊದಲ ಪಾಠಗಳು ಓದುವವರಿಗೆ ಗೊತ್ತೇ ಇರುವುದರಿಂದ ಅವನ್ನು ಬಿಟ್ಟಿದ್ದೇನೆ.

ಮೊದಲು ಹಣ ಕಳೆದುಕೊಂಡ ಕಥೆ. ಪೆನ್ಸಿಲ್ ಚೂಪು ಮಾಡುವ ಶಾರ್ಪನರಿನಂಥ ಅಗ್ಗದ ಸ್ಪೈರಲೈಸರ್ (ತರಕಾರಿಯನ್ನು ಸುರುಳಿ ಎಳೆಗಳಾಗಿ ಕತ್ತರಿಸುವ ಸಾಧನ) ಒಂದನ್ನು ಕೊಂಡೆ. ಅದು ಪ್ರತಿ ಕಾಯಿಯಲ್ಲೂ ಹೆಬ್ಬೆರಳಿನಷ್ಟು ದಪ್ಪದ ತಿರುಳನ್ನು ಉಳಿಸುತ್ತಿದ್ದುದರಿಂದ ಕೊಂಡ ತರಕಾರಿಯ ಐದರಲ್ಲೊಂದು ಪಾಲು ಬೇರೆ ಅಡುಗೆಗೆ ಹೋಗುತ್ತಿತ್ತು. ಅದರ ನಾಲ್ಕು ಪಟ್ಟು ಬೆಲೆ ತೆತ್ತು ಹಿಡಿಕೆ ತಿರುಗಿಸುವ ಯಂತ್ರ ತಂದೆ. ಎರಡನೆಯ ತಿಂಗಳಲ್ಲಿ ಅದರ ಅಡಿಯ ರಬ್ಬರು ಮೇಜನ್ನು ಹಿಡಿಯುವುದನ್ನೇ ನಿಲ್ಲಿಸಿತು. ಮೂರನೆಯದಾಗಿ ವಿದ್ಯುತ್ ಯಂತ್ರ; ಎಳೆಗಳೇನೋ ಚೆನ್ನಾಗಿ ಬಂದವು, ಆದರೆ ಎರಡು ನಿಮಿಷದ ಕೆಲಸಕ್ಕೆ ಹತ್ತು ನಿಮಿಷ ತೊಳೆಯುವ ಶಿಕ್ಷೆ. ಈಗ ಆ ಮೂರೂ ಅಟ್ಟದ ಮೇಲಿವೆ, ನನ್ನ ಕೈಯಲ್ಲಿರುವುದು ಅವೆಲ್ಲಕ್ಕಿಂತ ಅಗ್ಗವಾದ, ಹಲ್ಲುಗಳಿರುವ ಒಂದು ಪೀಲರ್. ಅದರಿಂದ ಕಾಯಿಯ ನಾಲ್ಕೂ ಬದಿಯಿಂದ ಉದ್ದಕ್ಕೆ ಎಳೆಯುತ್ತೇನೆ ಮತ್ತು ಬೀಜ ಕಾಣಿಸಿದ ಕೂಡಲೇ ನಿಲ್ಲಿಸುತ್ತೇನೆ, ಏಕೆಂದರೆ ಮೊದಲು ಮೆತ್ತಗಾಗಿ ಕರಗುವುದು ಆ ಬೀಜದ ಭಾಗವೇ.

ನಿಜವಾದ ಶತ್ರು ನೀರು. ಜುಕಿನಿಯಲ್ಲಿ ಶೇಕಡಾ 94ರಷ್ಟು ನೀರೇ ಇರುವುದರಿಂದ, ಎಳೆಗಳನ್ನು ಹಸಿಯಾಗಿಯೇ ಬಾಣಲೆಗೆ ಸುರಿದು ಮುಚ್ಚಳ ಹಾಕಿದ ನನ್ನ ಮೊದಲ ಆರೇಳು ಪ್ರಯತ್ನಗಳಲ್ಲಿ ಅವು ಬಾಡುವ ಬದಲು ತಮ್ಮದೇ ಆವಿಯಲ್ಲಿ ಬೆಂದುಹೋದವು. ಉರಿ ಹೆಚ್ಚಿಸಿದರೆ ಬೆಳ್ಳುಳ್ಳಿ ಕರಕಲಾಯಿತು, ನೀರು ಹಾಗೆಯೇ ಉಳಿಯಿತು. ನೀರನ್ನು ಗಟ್ಟಿ ಮಾಡಲೆಂದು ಕಾರ್ನ್‌ಫ್ಲೋರ್ ಕದಡಿ ಹಾಕಿದ ದಿನ ತಯಾರಾದದ್ದನ್ನು ಅಂಟು ಎಂದು ಕರೆದವರ ಮೇಲೆ ನನಗೆ ಈಗಲೂ ಕೋಪವಿಲ್ಲ.

ಕೊನೆಗೆ ಫಲ ಕೊಟ್ಟದ್ದು ಕ್ರಮವನ್ನು ತಿರುವುಮುರುವು ಮಾಡಿದ್ದು. ಇಬ್ಬರಿಗೆ ಸುಮಾರು 600 ಗ್ರಾಂ ಎಳೆಗೆ ಒಂದು ಚಿಕ್ಕ ಚಮಚ ಉಪ್ಪು ಸವರಿ ಜರಡಿಯಲ್ಲಿ 20 ನಿಮಿಷ ಬಿಡುತ್ತೇನೆ, ಬಳಿಕ ಬಟ್ಟೆಯಲ್ಲಿ ಕಟ್ಟಿ ಹಿಂಡುತ್ತೇನೆ. ನೆನಪಿನಿಂದ ಹೇಳುವುದಾದರೆ ಮುಕ್ಕಾಲು ಲೋಟದಷ್ಟು ನೀರು ಇಳಿಯುತ್ತದೆ. ಎಳೆಗಳಲ್ಲಿ ಉಳಿದ ಉಪ್ಪೇ ಇಡೀ ಊಟಕ್ಕೆ ಸಾಕಾಗುವುದರಿಂದ ಮತ್ತೆ ಉಪ್ಪು ಹಾಕುವುದಿಲ್ಲ. ಮೊದಲ ಸಲ ಇದನ್ನು ಮರೆತು ಎರಡು ತಟ್ಟೆ ಚೆಲ್ಲಬೇಕಾಯಿತು. ಉಪ್ಪು ತನ್ನ ಕೆಲಸ ಮಾಡುತ್ತಿರುವಾಗ 30 ಸೆಂಟಿಮೀಟರ್ ಅಗಲದ ದಪ್ಪ ತಳದ ಸ್ಟೀಲ್ ಬಾಣಲೆಯಲ್ಲಿ ಅಣಬೆಯನ್ನು ಒಂದರ ಮೇಲೊಂದು ಬೀಳದಂತೆ ಹರಡಿ ಕೆಂಪಗೆ ಹುರಿದು, ಬೆಳ್ಳುಳ್ಳಿ, ಮೆಣಸಿನ ಪುಡಿ ಮತ್ತು ಹೆಚ್ಚಿದ ಟೊಮೆಟೊ ಸೇರಿಸಿ, ಸೌಟಿನಿಂದ ಗೆರೆ ಎಳೆದರೆ ಬಾಣಲೆಯ ತಳ ಕಾಣಿಸಿ ಆ ಗೆರೆ ಒಂದು ಕ್ಷಣ ಹಾಗೆಯೇ ನಿಲ್ಲುವವರೆಗೂ ಗಟ್ಟಿ ಮಾಡುತ್ತೇನೆ. ಸಾಸ್ ಬೇಕಾದದ್ದಕ್ಕಿಂತ ಹೆಚ್ಚು ಗಟ್ಟಿಯಾಯಿತು ಎಂಬ ಅಳುಕು ಹುಟ್ಟಬೇಕು, ಏಕೆಂದರೆ ಎಳೆಗಳು ಬಿಡುವ ಉಳಿದ ನೀರು ಅದನ್ನು ತಾನಾಗಿಯೇ ಸಡಿಲಗೊಳಿಸುತ್ತದೆ. ಅನಂತರ ಎಳೆಗಳನ್ನು ಹಾಕಿ, ಮುಚ್ಚಳ ಹಾಕದೆ, ಇಕ್ಕಳದಿಂದ ಎತ್ತಿ ಹಾಕುತ್ತಾ ಜೋರು ಉರಿಯಲ್ಲಿ ಒಂದೂವರೆ ನಿಮಿಷ, ಅಷ್ಟೆ. ಉಪ್ಪು ಹಾಕಿ ಕಾಯುವುದನ್ನು ಬಿಟ್ಟರೆ ಒಲೆಯ ಕೆಲಸವೆಲ್ಲ ಸೇರಿ ಕಾಲು ಗಂಟೆ ದಾಟುವುದಿಲ್ಲ. ಕೊನೆಯಲ್ಲಿ ಮೊಟ್ಟೆಯನ್ನೂ ಸೇರಿಸುತ್ತೇನೆ. ಅದು ಪುಡಿಪುಡಿಯಾಗದೆ ಎಳೆಗಳಿಗೆ ನುಣ್ಣಗೆ ಅಂಟುವಂತೆ ಮಾಡುವ ಉಪಾಯವನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಬೇರೆ ತರಕಾರಿಗಳ ಕಡೆಗೂ ಕೈ ಚಾಚಿದೆ. ಕ್ಯಾರೆಟ್ಟಿಗೆ ಹಿಂಡುವ ಕಾಟವಿಲ್ಲ, ಆದರೆ ನಾಲ್ಕು ನಿಮಿಷ ಬೇಕು. ಜುಕಿನಿಯೊಂದಿಗೆ ಬೆರೆಸುವುದಾದರೆ ಅದನ್ನು ಮೊದಲೇ ಹಾಕಬೇಕು. ಸಿಹಿಗೆಣಸಿನ ಎಳೆಗಳನ್ನು ತೊಳೆದು ಪಿಷ್ಟ ತೆಗೆಯದಿದ್ದರೆ ಒಂದಕ್ಕೊಂದು ಅಂಟುತ್ತವೆ, ಸ್ವಲ್ಪ ಹೆಚ್ಚು ಬೆಂದರೆ ತುಂಡಾಗುತ್ತವೆ. ಬೀಟ್‌ರೂಟ್ ರುಚಿಯಲ್ಲಿ ಗೆದ್ದರೂ ಮೊಟ್ಟೆಯನ್ನು ಗುಲಾಬಿ ಬಣ್ಣಕ್ಕೆ ತಿರುಗಿಸಿದ್ದರಿಂದ ಮಕ್ಕಳು ತಟ್ಟೆಯನ್ನು ದೂರ ತಳ್ಳಿದರು. ಜುಕಿನಿ ಎಳೆಗಳನ್ನು ಫ್ರೀಜರಿನಲ್ಲಿಟ್ಟು ನೋಡಿದೆ; ಕರಗಿದಾಗ ಚಿಂದಿ ಬಟ್ಟೆಯಂತಾಗಿದ್ದವು. ಉಪ್ಪು ಹಾಕದೆ ಒಣ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ಫ್ರಿಜ್ಜಿನಲ್ಲಿ ಎರಡು ದಿನ ಕೆಡುವುದಿಲ್ಲವಾದ್ದರಿಂದ, ಭಾನುವಾರ ಸಂಜೆ ಮೂರು ಕಾಯಿ ಎಳೆದಿಟ್ಟು ಮಂಗಳವಾರದ ರಾತ್ರಿಯವರೆಗೆ ಪೀಲರ್ ಮುಟ್ಟುವುದಿಲ್ಲ.