ಎಂಜಿನ್ ಬದಲಿಸುವ ಮುಂಚೆ ಕಾರಿನ ಕೆಳಗೆ ಮಲಗಿ ನೋಡಿ

ಕಾರಿನ ಹುಚ್ಚಿರುವ ನಾಲ್ಕು ಜನ ಸೇರಿದರೆ ಮಾತು ಟೈರಿನಿಂದ ಶುರುವಾದರೂ ಬಂದು ನಿಲ್ಲುವುದು ‘ಇದಕ್ಕೆ ವಿ8 ಕೂರಿಸಿದರೆ ಹೇಗಿರತ್ತೆ’ ಅನ್ನುವಲ್ಲೇ. ವಿ8 ಅಂದರೆ ಎಂಟು ಸಿಲಿಂಡರಿನ ಎಂಜಿನ್. ನಾನೂ ಅದೇ ಜಾತಿಯವನು. ನನ್ನದು 1990ರ ಮಾಜ್ದಾ ಎಂಎಕ್ಸ್-5. ಇಬ್ಬರೇ ಕೂರುವ ಪುಟ್ಟ ಕಾರು. ಹಿಂದಿನ ಚಕ್ರಗಳಿಗೆ ಶಕ್ತಿ, ಒಂದು ಟನ್ನಿಗಿಂತ ಕಡಿಮೆ ತೂಕ, 1.6 ಲೀಟರ್ ಎಂಜಿನ್. ಒಂದು ದಿನ ಟೆಂಪರೇಚರ್ ಮುಳ್ಳು ಮೇಲೇರಿದ್ದನ್ನು ಕಣ್ಣಾರೆ ನೋಡಿಯೂ ‘ಇನ್ನೈದು ನಿಮಿಷ ತಾನೇ’ ಅಂತ ಓಡಿಸಿದೆ. ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಯಿತು, ಹೆಡ್ ಬಾಗಿತು. ತಪ್ಪು ಪೂರ್ತಿ ನನ್ನದೇ. ಹೇಗೂ ಎಂಜಿನ್ ಇಳಿಸಲೇಬೇಕಿತ್ತು. ಅದನ್ನೇ ರಿಪೇರಿ ಮಾಡಿ ಹಾಕುವುದೋ, ಬೇರೆಯದನ್ನು ತರುವುದೋ ಅಂತ ತಿಂಗಳುಗಟ್ಟಲೆ ಜಗಳವಾಡಿದೆವು.

ಗೆಳೆಯರಲ್ಲಿ ಮೂರು ಪಕ್ಷ. ಒಬ್ಬನಿಗೆ ಜನರಲ್ ಮೋಟರ್ಸ್‌ನ ಎಲ್‌ಎಸ್ ವಿ8 ಬಿಟ್ಟರೆ ಬೇರೆ ದೇವರಿಲ್ಲ. ಇನ್ನೊಬ್ಬ ಹೋಂಡಾದ ನಾಲ್ಕು ಸಿಲಿಂಡರಿನ ಎಂಜಿನ್ ಕೆ24 ಅಂತ ಹಟ ಹಿಡಿದಿದ್ದ. ಮೂರನೆಯವನು ‘ಎಂಜಿನ್ ಯಾಕೆ ಬದಲಿಸ್ತೀಯ ಮಾರಾಯ, ಟರ್ಬೊ ಹಾಕು ಸಾಕು’ ಅಂದ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ ಅದು. ಮೂವರ ಮಾತಿನಲ್ಲೂ ಹುರುಳಿತ್ತು. ಆದರೆ ಮೂವರೂ ನನ್ನ ಕಾರಿನ ಕೆಳಗೆ ಒಮ್ಮೆಯೂ ಇಣುಕಿರಲಿಲ್ಲ. ಯಾವ ಎಂಜಿನ್ ಅನ್ನುವುದು ತೀರ್ಮಾನವಾಗುವುದು ಅಲ್ಲಿ.

ಮೊದಲು ಹಾರ್ಸ್‌ಪವರ್ ಲೆಕ್ಕ ಮುಗಿಸಿಬಿಡೋಣ, ಜಗಳ ಜಾಸ್ತಿ ಆಗುವುದು ಇದರ ಮೇಲೆಯೇ. ಟಾರ್ಕನ್ನು, ಅಂದರೆ ಎಂಜಿನ್ ತಿರುಗಿಸುವ ಬಲವನ್ನು, ನ್ಯೂಟನ್ ಮೀಟರಿನಲ್ಲಿ ತೆಗೆದುಕೊಂಡು ನಿಮಿಷದ ಸುತ್ತುಗಳಾದ ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್ ಬರುತ್ತದೆ, ಹಾರ್ಸ್‌ಪವರಿನ ಹಾಗೇ ಅದೂ ಶಕ್ತಿಯ ಅಳತೆ. ಅದೇ 150 ನ್ಯೂಟನ್ ಮೀಟರ್ 3000 ಆರ್‌ಪಿಎಂನಲ್ಲಿ 47 ಕಿಲೋವ್ಯಾಟ್, 6000ದಲ್ಲಿ 94. ಅಂದರೆ ದೊಡ್ಡ ಹಾರ್ಸ್‌ಪವರ್ ಸಂಖ್ಯೆ ಎರಡು ದಾರಿಯಲ್ಲಿ ಬರಬಹುದು. ಒಂದೋ ಎಂಜಿನ್ ಗಟ್ಟಿಯಾಗಿ ತಳ್ಳಬೇಕು, ಇಲ್ಲವೇ ಜೋರಾಗಿ ತಿರುಗಬೇಕು. ನಿಮಗೆ ಬೇಕಿರುವುದು ಯಾವುದು? ಎಂಜಿನ್ ಕೆಡುವ ಮುಂಚೆ ನಾನು ಒಂದು ವಾರ ಓಡಿಸುವಾಗ ಸುಮ್ನೆ ಗಮನಿಸಿದ್ದೆ. ನನ್ನ ಕೈಗೆ ಕಮ್ಮಿ ಅನ್ನಿಸುತ್ತಿದ್ದದ್ದು ಎರಡನೇ ಗೇರಿನಲ್ಲಿ ತಿರುವಿನಿಂದ ಹೊರಬರುವಾಗ, 2500ರಿಂದ 4500ರ ನಡುವೆ. 7000ಕ್ಕೆ ಎಳೆಯುವ ಸಂದರ್ಭ ಬಂದದ್ದೇ ಎರಡು ಸಲ. ಈ ಒಂದು ವಾರದ ಕೆಲಸ ದಯವಿಟ್ಟು ತಪ್ಪಿಸಬೇಡಿ.

ಇನ್ನೊಂದು ಮಾತು. ಹಳೇ ಎಂಜಿನ್ ಓಡುವ ಸ್ಥಿತಿಯಲ್ಲಿದ್ದರೆ ಮೊದಲು ಅದನ್ನು ಸರಿಯಾಗಿ ಓಡುವ ಹಾಗೆ ಮಾಡಿ. ಪ್ಲಗ್, ಫಿಲ್ಟರ್, ಟೈಮಿಂಗ್, ಟೈರು, ಬ್ರೇಕ್ ಪ್ಯಾಡ್. ‘ಈ ಕಾರಿಗೆ ದಮ್ಮಿಲ್ಲ’ ಅಂತ ಗೊಣಗುವವರ ಕಾರುಗಳಲ್ಲಿ ಎಷ್ಟೋ ಸಲ ಒಂದು ಸಿಲಿಂಡರ್ ಅರ್ಧ ಕೆಲಸ ಮಾಡುತ್ತಿರುತ್ತದೆ.

ಈಗ ಕಾರಿನ ಕೆಳಗೆ. ಜ್ಯಾಕ್ ಮೇಲಷ್ಟೇ ನಿಲ್ಲಿಸಿ ಒಳಗೆ ನುಗ್ಗಬೇಡಿ, ಗಟ್ಟಿ ಸ್ಟ್ಯಾಂಡ್ ಕೊಡಿ. ನಾಲ್ಕು ವಿಷಯ ಅಳೆಯಬೇಕು: ಎಂಜಿನ್ನಿನ ತಳದ ಎಣ್ಣೆ ತೊಟ್ಟಿಯಾದ ಆಯಿಲ್ ಸಂಪ್ ಎಲ್ಲಿ ಇಳಿಯುತ್ತದೆ, ಸ್ಟೀರಿಂಗ್ ರ‍್ಯಾಕ್ ಎಲ್ಲಿ ಹಾದುಹೋಗುತ್ತದೆ, ಗೇರ್‌ಬಾಕ್ಸ್ ಕೂರುವ ಟನೆಲ್ ಎಷ್ಟು ಅಗಲ, ಬಾನೆಟ್ಟಿಗೂ ಎಂಜಿನ್ನಿಗೂ ನಡುವೆ ಎಷ್ಟು ಜಾಗ. ಕೊನೆಯದಕ್ಕೆ ನನ್ನ ಉಪಾಯ ಮಕ್ಕಳು ಆಡುವ ಬಣ್ಣದ ಮೇಣದಂಥ ಜೇಡಿ. ಅದರ ಎರಡು ಮೂರು ಉಂಡೆಗಳನ್ನು ಎಂಜಿನ್ನಿನ ಎತ್ತರದ ಜಾಗಗಳ ಮೇಲಿಟ್ಟು ಬಾನೆಟ್ಟನ್ನು ಮೆಲ್ಲಗೆ ಮುಚ್ಚಿ ತೆಗೆಯಿರಿ. ಚಪ್ಪಟೆಯಾದ ಉಂಡೆಯನ್ನು ಬ್ಲೇಡಿನಿಂದ ಕತ್ತರಿಸಿ ದಪ್ಪ ಅಳೆಯಿರಿ. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಅಲ್ಲಾಡುತ್ತದೆ, ಹಾಗಾಗಿ 20 ಮಿಲಿಮೀಟರಿಗಿಂತ ಕಮ್ಮಿ ಇದ್ದರೆ ನನಗೆ ಸಮಾಧಾನ ಇಲ್ಲ. ಹೊಸ ಎಂಜಿನ್ನಿನ ಉದ್ದ, ಅಗಲ, ಎತ್ತರಕ್ಕೆ ರಟ್ಟಿನ ಪೆಟ್ಟಿಗೆ ಮಾಡಿ ಖಾಲಿ ಜಾಗಕ್ಕೆ ಇಳಿಸಿ ನೋಡುವುದೂ ಒಳ್ಳೆಯದು. ನಗುವವರು ನಗಲಿ.

ಅಳತೆ ಮಾಡಿದ ಮೇಲೆ ಎಲ್‌ಎಸ್ ಗೆಳೆಯನ ಮೇಲೆ ನನಗೆ ಗೌರವ ಜಾಸ್ತಿಯಾಯಿತು, ನಿಜ ಹೇಳಬೇಕು. 1997ರ ಕೊರ್ವೆಟ್‌ನಲ್ಲಿ ಬಂದ ಎಲ್‌ಎಸ್1 5.7 ಲೀಟರಿನದು, 345 ಹಾರ್ಸ್‌ಪವರ್. ಇದು ಪುಶ್‌ರಾಡ್ ಎಂಜಿನ್, ‘ಹಳೇ ಕಾಲದ್ದು’ ಅಂತ ಮೂಗು ಮುರಿಯುವವರು ಬಹಳ. ಆದರೆ ಕಡ್ಡಿಗಳ (ಪುಶ್‌ರಾಡ್) ಮೂಲಕ ವಾಲ್ವ್ ತೆರೆಯುವ ಒಂದೇ ಕ್ಯಾಮ್‌ಶಾಫ್ಟ್ ಬ್ಲಾಕಿನ ಒಳಗೇ ಇರುವುದರಿಂದ ಹೆಡ್ಡುಗಳು ಸಣ್ಣವು. ನಾಲ್ಕು ಕ್ಯಾಮ್ ಹೊತ್ತ ವಿ8ಗಳು ಹಿಡಿಸದ ಜಾಗದಲ್ಲಿ ಇದು ಕೂರುತ್ತದೆ. ಬ್ಲಾಕ್ ಅಲ್ಯೂಮಿನಿಯಂ, ಹಾಗಾಗಿ ಅಂದುಕೊಂಡಷ್ಟು ಭಾರವೂ ಇಲ್ಲ.

ತೊಡಕು ಎಂಜಿನ್ನಿನ ಹಿಂದಿದೆ. ಎಂಎಕ್ಸ್-5ರಲ್ಲಿ ಗೇರ್‌ಬಾಕ್ಸಿನಿಂದ ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ವರೆಗೆ ಉದ್ದಕ್ಕೆ ಒಂದು ಅಲ್ಯೂಮಿನಿಯಂ ತೊಲೆ ಇದೆ. ಪವರ್ ಪ್ಲಾಂಟ್ ಫ್ರೇಮ್ ಅನ್ನುತ್ತಾರೆ. ಎರಡನ್ನೂ ಬಿಗಿಯಾಗಿ ಹಿಡಿದಿಡುವುದು ಅದೇ. ಗೇರ್‌ಬಾಕ್ಸ್ ಬದಲಾಯಿತೋ, ಆ ತೊಲೆ ಹೊರಗೆ. ಆಮೇಲೆ ಡಿಫರೆನ್ಷಿಯಲ್ ಹಿಡಿಯಲು ಬೇರೆ ಏರ್ಪಾಡು, ಬೇರೆ ಡಿಫರೆನ್ಷಿಯಲ್, ಬೇರೆ ಆಕ್ಸಲ್, ಬೇರೆ ಪ್ರೊಪೆಲ್ಲರ್ ಶಾಫ್ಟ್, ಮುಂದೆ ಬೇರೆ ಸಬ್‌ಫ್ರೇಮ್. ಒಂದು ಎಂಜಿನ್ ತಂದದ್ದಕ್ಕೆ ಅರ್ಧ ಕಾರು ಹೊಸದು. ಕೆ24 ಹಗುರ, 2354 ಸಿಸಿ, ಒಳ್ಳೆಯ ಎಂಜಿನ್. ಆದರೆ ಅದಕ್ಕೂ ಗೇರ್‌ಬಾಕ್ಸ್ ಅಡಾಪ್ಟರ್, ಬೇರೆ ಸಂಪ್, ಬೇರೆ ಎಗ್ಸಾಸ್ಟ್ ಬೇಕು. ಟರ್ಬೊ ಪಕ್ಷದವನಿಗೆ ನನ್ನ ಉತ್ತರ ಚಿಕ್ಕದು: ಹೆಡ್ ಬಾಗಿದ ಎಂಜಿನ್ನಿಗೆ ಒತ್ತಡ ತುಂಬುವುದು ಹೇಗೆ?

ಕೊನೆಗೆ ನಾನು ಆರಿಸಿದ್ದು ಯಾರಿಗೂ ರುಚಿಸದ ನಾಲ್ಕನೇ ದಾರಿ. 1994ರಿಂದ ಇದೇ ಕಾರಿಗೆ ಬಂದ 1.8 ಲೀಟರ್ ಎಂಜಿನ್. 1597 ಸಿಸಿಯಿಂದ 1839 ಸಿಸಿಗೆ. ಅಮೆರಿಕದ ಮಾದರಿಯ ಲೆಕ್ಕದಲ್ಲಿ 116ರಿಂದ 128 ಹಾರ್ಸ್‌ಪವರ್. ‘ಹನ್ನೆರಡು ಹಾರ್ಸ್‌ಪವರ್‌ಗೆ ಇಷ್ಟೆಲ್ಲ ಯಾಕಪ್ಪ’ ಅಂತ ಎಲ್‌ಎಸ್ ಗೆಳೆಯ ಇವತ್ತಿಗೂ ಕಾಲೆಳೆಯುತ್ತಾನೆ. ನನಗೆ ಬೇಕಿದ್ದದ್ದು ಮಧ್ಯದ ಟಾರ್ಕ್, ಅದು ಸಿಕ್ಕಿತು. ಹಳೇ ಮೌಂಟಿಗೇ ಕೂರುತ್ತದೆ, ಹಳೇ ಗೇರ್‌ಬಾಕ್ಸಿಗೇ ಸೇರುತ್ತದೆ. ನಿಮ್ಮ ಕಾರು ಯಾವುದೇ ಇರಲಿ, ಅದೇ ಕುಟುಂಬದ ದೊಡ್ಡಣ್ಣ ಯಾರಾದರೂ ಇದ್ದಾನೆಯೇ ಅಂತ ಮೊದಲು ಹುಡುಕಿ.

ಹಳೇ ಎಂಜಿನ್ ಕೊಳ್ಳುವಾಗ ಹೊರಗಿನ ಹೊಳಪು ನೋಡಬೇಡಿ. ಚೆನ್ನಾಗಿ ತೊಳೆದಿಟ್ಟ ಎಂಜಿನ್ ಮೇಲೆ ನನಗೆ ಅನುಮಾನ ಜಾಸ್ತಿ, ಎಲ್ಲಿ ಸೋರುತ್ತಿತ್ತು ಅನ್ನುವುದು ತಿಳಿಯುವುದಿಲ್ಲ. ಎಲ್ಲ ಸಿಲಿಂಡರಿನ ಕಂಪ್ರೆಷನ್, ಅಂದರೆ ಒಳಗೆ ಏಳುವ ಒತ್ತಡ, ಅಳೆಯಿರಿ. ಒಟ್ಟು ಸಂಖ್ಯೆಗಿಂತ ಒಂದಕ್ಕೊಂದರ ಅಂತರ ಮುಖ್ಯ. ಶೇಕಡಾ 10ಕ್ಕಿಂತ ಜಾಸ್ತಿ ಅಂತರ ಇದ್ದರೆ ನಾನು ಬಿಟ್ಟು ಬರುತ್ತೇನೆ. ಆಯಿಲ್ ಮುಚ್ಚಳದ ಒಳಗೆ ಬೆರಳಾಡಿಸಿ. ಕೆನೆಯ ಹಾಗೆ ಬಿಳಿ ಲೋಳೆ ಸಿಕ್ಕರೆ ಎಂಜಿನ್ ತಣಿಸುವ ನೀರು, ಅಂದರೆ ಕೂಲೆಂಟ್, ಎಣ್ಣೆಗೆ ಸೇರಿರಬಹುದು. ಜೊತೆಗೆ ಬಿಡಿ ಭಾಗಗಳನ್ನೂ ಆಗಲೇ ಕೇಳಿ: ಫ್ಲೈವೀಲ್, ಸೆನ್ಸರ್‌ಗಳು, ಕತ್ತರಿಸದ ವೈರಿಂಗ್. ಆಮೇಲೆ ಒಂದೊಂದೇ ಹುಡುಕುವುದು ಪ್ರಾಣಸಂಕಟ.

ಇಳಿಸುವಾಗ ಎಂಜಿನ್, ಗೇರ್‌ಬಾಕ್ಸ್ ಒಟ್ಟಿಗೇ ತೆಗೆದೆ. ವೈರಿಂಗಿನ ಪ್ರತಿ ಪ್ಲಗ್ಗಿಗೂ ಟೇಪ್ ಸುತ್ತಿ ನಂಬರ್ ಬರೆಯಿರಿ. ಫೋಟೊ ಸಾಕು ಅನ್ನಿಸುತ್ತದೆ, ಸಾಲುವುದಿಲ್ಲ. ಬೋಲ್ಟುಗಳನ್ನು ಒಂದೇ ಡಬ್ಬಿಗೆ ಸುರಿಯುವವರ ಜೊತೆ ನಾನು ಕೆಲಸ ಮಾಡುವುದಿಲ್ಲ.

ಎಂಜಿನ್ ಹೊರಗಿದ್ದಾಗಲೇ ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಹಿಂದಿನ ಆಯಿಲ್ ಸೀಲ್, ಕ್ಲಚ್, ಪೈಲಟ್ ಬೇರಿಂಗ್ ಹೊಸದು ಹಾಕಿ. ಆಮೇಲೆ ಬದಲಿಸುವುದೆಂದರೆ ಕೆಲವಕ್ಕೆ ಗೇರ್‌ಬಾಕ್ಸ್ ಮತ್ತೆ ಇಳಿಸಬೇಕು. ಕೂಲೆಂಟ್ ದಾರಿಯನ್ನೂ ಬದಲಿಸಿದೆ. ಈ ಎಂಜಿನ್ ಕುಟುಂಬ ಮೊದಲು ಅಡ್ಡಡ್ಡ ಕೂರುವ ಕಾರುಗಳಿಗೆ ಮಾಡಿದ್ದು. ಅಲ್ಲಿ ನೀರು ಒಂದು ತುದಿಯಲ್ಲಿ ಹೊಕ್ಕು ಇನ್ನೊಂದು ತುದಿಯಲ್ಲಿ ಹೊರಬರುತ್ತಿತ್ತು. ಎಂಎಕ್ಸ್-5ರಲ್ಲಿ ಹೊರದಾರಿಯನ್ನೂ ಮುಂದಕ್ಕೇ ತಂದರು. ಹಾಗಾಗಿ ಹಿಂದಿನ ನಾಲ್ಕನೇ ಸಿಲಿಂಡರಿಗೆ ನೀರಿನ ಹರಿವು ಕಮ್ಮಿ. ನೀರಿನ ಹೊರದಾರಿ ತೆರೆಯುವ ಥರ್ಮೋಸ್ಟಾಟನ್ನು ಹೆಡ್ಡಿನ ಹಿಂಬದಿಗೆ ಸರಿಸಿದರೆ ನೀರು ಪೂರ್ತಿ ಹಾದುಹೋಗುತ್ತದೆ. ಒಮ್ಮೆ ಹೆಡ್ ಸುಟ್ಟುಕೊಂಡವನಿಗೆ ಇದನ್ನು ಬಿಡಲು ಮನಸ್ಸಾಗಲಿಲ್ಲ.

ಗೇರ್‌ಬಾಕ್ಸನ್ನು ಎಂಜಿನ್ನಿಗೆ ಸೇರಿಸುವಾಗ ಕೊನೆಯ ಬೆರಳಗಲ ಜಾಗ ಮುಚ್ಚದೇ ಸತಾಯಿಸುತ್ತದೆ. ಬೋಲ್ಟ್ ಬಿಗಿಮಾಡಿ ಎಳೆದುಬಿಡೋಣ ಅನ್ನಿಸುತ್ತದೆ. ಖಂಡಿತ ಬೇಡ. ಕ್ಲಚ್ ಪ್ಲೇಟ್ ನಡುವಿಗೆ ಕೂತಿಲ್ಲ, ಇಲ್ಲವೇ ಅದರ ಹಲ್ಲು ಗೇರ್‌ಬಾಕ್ಸ್ ಶಾಫ್ಟಿನ ಹಲ್ಲಿಗೆ ಹೊಂದಿಲ್ಲ ಅಂತ ಅರ್ಥ. ಎಳೆದರೆ ಪ್ಲೇಟೋ ಗೇರ್‌ಬಾಕ್ಸಿನ ಕಿವಿಯೋ ಒಡೆಯುತ್ತದೆ. ಗೇರಿಗೆ ಹಾಕಿ, ಹಿಂದಿನ ತುದಿಯನ್ನು ಕೈಯಲ್ಲಿ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ತಳ್ಳಿ. ‘ಟಕ್’ ಅಂತ ತಾನೇ ಕೂರುತ್ತದೆ.

ಈಗ ನನ್ನ ಮರ್ಯಾದೆ ಹೋದ ಕಥೆ. ಎಲ್ಲ ಸೇರಿಸಿ ಕೀ ತಿರುಗಿಸಿದೆ. ಸ್ಟಾರ್ಟರ್ ಮುಲುಕಿತು, ತಿರುಗಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ಡ್ಯಾಶ್‌ಬೋರ್ಡ್ ಹಿಂದಿನಿಂದ ಸುಟ್ಟ ಪ್ಲಾಸ್ಟಿಕ್ ವಾಸನೆ. ಆಕ್ಸಿಲರೇಟರ್ ಕೇಬಲ್ ಮುಟ್ಟಿದರೆ ಕೈ ಸುಡುತ್ತಿದೆ! ಎಂಜಿನ್ನಿನಿಂದ ಕಾರಿನ ಬಾಡಿಯವರೆಗೆ ಹೋಗುವ ದಪ್ಪ ಅರ್ತ್ ಪಟ್ಟಿಯನ್ನೇ ಹಾಕಿರಲಿಲ್ಲ. ಸ್ಟಾರ್ಟರಿನ ಅಷ್ಟೂ ಕರೆಂಟು ವಾಪಸ್ ಹೋಗಲು ದಾರಿ ಹುಡುಕಿ ಆ ಸಣ್ಣ ಉಕ್ಕಿನ ಕೇಬಲ್ಲಿನಲ್ಲಿ ನುಗ್ಗಿತ್ತು. ಕೇಬಲ್ ಹೊಸದು ಹಾಕಬೇಕಾಯಿತು. ಅಂದಿನಿಂದ ಬ್ಯಾಟರಿ ಜೋಡಿಸುವ ಮುಂಚೆ ಅರ್ತ್ ಪಟ್ಟಿಯ ಎರಡೂ ತುದಿ ಕೈಯಿಂದ ಎಳೆದು ನೋಡುತ್ತೇನೆ. ಬಣ್ಣ, ತುಕ್ಕು ಕೆರೆದು ಬರೀ ಲೋಹಕ್ಕೆ ತಾಗಿಸಬೇಕು.

ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಎಣ್ಣೆ ಎಲ್ಲ ಕಡೆ ಏರಬೇಕು. ಈ ಕಾರಿನಲ್ಲಿ ಹೆಡ್ಡಿನ ಹಿಂಬದಿಯ ಕ್ಯಾಮ್ ಆಂಗಲ್ ಸೆನ್ಸರಿನ ಪ್ಲಗ್ ತೆಗೆದರೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಹಾಗೇ ಐದಾರು ಸೆಕೆಂಡಿನಂತೆ ಬಿಟ್ಟು ಬಿಟ್ಟು ಸ್ಟಾರ್ಟರ್ ತಿರುಗಿಸಿ. ಆಯಿಲ್ ಪ್ರೆಷರ್ ಮುಳ್ಳು ಎದ್ದ ಮೇಲೆ ಪ್ಲಗ್ ಹಾಕಿ.

ಇಸಿಯು, ಅಂದರೆ ಪೆಟ್ರೋಲು, ಕಿಡಿ ಎರಡನ್ನೂ ನಿಯಂತ್ರಿಸುವ ಎಂಜಿನ್ನಿನ ಕಂಪ್ಯೂಟರ್, ಅದರ ವಿಷಯ. ನನ್ನ 1.6ರಲ್ಲಿ ಗಾಳಿ ಅಳೆಯಲು ಒಂದು ಬಾಗಿಲಿನಂಥ ರೆಕ್ಕೆ ಇದೆ. 1.8ರಲ್ಲಿ ಅದರ ಬದಲು ಬಿಸಿ ತಂತಿಯ ಸೆನ್ಸರ್. ನಾನು ಎರಡನ್ನೂ ಬಿಟ್ಟು ಪ್ರೋಗ್ರಾಂ ಮಾಡಬಹುದಾದ ಇಸಿಯು ಹಾಕಿದೆ. ಇದಕ್ಕೆ ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಇಲ್ಲದೆ ಕೈಹಾಕಬೇಡಿ. ನಿಧಾನಕ್ಕೆ ಓಡಿಸುವಾಗ ಗಾಳಿ-ಪೆಟ್ರೋಲ್ ಅನುಪಾತ 14.7 ಸುತ್ತ, ಪೂರ್ತಿ ಒತ್ತಿದಾಗ 12.5ರಿಂದ 13ರ ಒಳಗೆ ಇರಲಿ. ಇಗ್ನಿಷನ್ ಟೈಮಿಂಗ್ ಬದಲಿಸಿ ಕಿಡಿ ಇನ್ನೂ ಬೇಗ ಹಾರುವಂತೆ ಮಾಡುತ್ತಾ ಹೋದರೆ ಶಕ್ತಿ ಬರುತ್ತದೆ, ಒಂದು ಹಂತದ ನಂತರ ಪೆಟ್ರೋಲ್ ಅಡ್ಡಾದಿಡ್ಡಿ ಸಿಡಿಯುವ ನಾಕಿಂಗ್ ಬರುತ್ತದೆ. ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಸದ್ದು ಕೇಳಿದರೆ ತಕ್ಷಣ ಕಾಲು ತೆಗೆಯಿರಿ. ಕಾರಿನ ಶಕ್ತಿ ಅಳೆಯುವ ಯಂತ್ರವಾದ ಡೈನೊ ಮೇಲೆ ಬಂದ ಸಂಖ್ಯೆ ಹಿಡಿದು ಬೇರೆ ಡೈನೊದ ಸಂಖ್ಯೆಯ ಜೊತೆ ಹೋಲಿಸಿ ಜಗಳವಾಡಬೇಡಿ. ಒಂದೇ ಯಂತ್ರದ ಮೇಲೆ ಮುಂಚೆ ಎಷ್ಟು, ಆಮೇಲೆ ಎಷ್ಟು ಅನ್ನುವುದಷ್ಟೇ ಲೆಕ್ಕ.

ಬ್ರೇಕ್ ಮರೆಯಬೇಡಿ. ವೇಗ 100ರಿಂದ 120ಕ್ಕೆ ಏರಿದರೆ ಬ್ರೇಕ್ ನುಂಗಬೇಕಾದ ಶಕ್ತಿ ಶೇಕಡಾ 44 ಜಾಸ್ತಿ. 1994ರಲ್ಲಿ 1.8 ತಂದಾಗ ಮುಂದಿನ ಡಿಸ್ಕನ್ನು 235ರಿಂದ 255 ಮಿಲಿಮೀಟರಿಗೆ ದೊಡ್ಡದು ಮಾಡಿದರು, ಡಿಫರೆನ್ಷಿಯಲ್ ಕೂಡ ಗಟ್ಟಿಮಾಡಿದರು. ನಾನು ಡಿಸ್ಕ್ ಆಗಲೇ ಹಾಕಿದೆ. ಡಿಫರೆನ್ಷಿಯಲ್ ಹಳೆಯದೇ ಇದೆ, ಅದಕ್ಕೆ ಆಕ್ಸಲ್, ಪ್ರೊಪೆಲ್ಲರ್ ಶಾಫ್ಟ್ ಎಲ್ಲ ಜೊತೆಗೇ ಬದಲಾಗಬೇಕು. ಅಲ್ಲಿವರೆಗೆ ಕ್ಲಚ್ ದಬಕ್ಕನೆ ಬಿಟ್ಟು ಎಗರಿಸುವ ಆಟ ಬಂದ್. ಎಂಜಿನ್ ನಂಬರ್ ಬದಲಾದದ್ದನ್ನು ಸಾರಿಗೆ ಇಲಾಖೆಗೂ ವಿಮೆಯವರಿಗೂ ತಿಳಿಸುವ ಕೆಲಸ ಇದ್ದರೆ ಎಂಜಿನ್ ಕೊಳ್ಳುವ ಮುಂಚೆಯೇ ವಿಚಾರಿಸಿ, ಆಮೇಲಲ್ಲ.

ಮೊದಲ 100 ಕಿಲೋಮೀಟರ್ ಆದ ಮೇಲೆ ಮತ್ತೆ ಕೆಳಗೆ ಮಲಗಿ. ಮೌಂಟ್ ಬೋಲ್ಟ್, ಎಗ್ಸಾಸ್ಟ್ ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಿ. ಎಗ್ಸಾಸ್ಟ್ ಹತ್ತಿರ ಯಾವ ವೈರೂ ಜೋತುಬಿದ್ದಿಲ್ಲ ಅಂತ ನೋಡಿ. 500ಕ್ಕೆ ಎಣ್ಣೆ ಇಳಿಸಿ ಫಿಲ್ಟರನ್ನು ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಬಿಳಿ ಬಟ್ಟೆಯ ಮೇಲೆ ಹರಡಿ ಬಿಸಿಲಿಗೆ ಹಿಡಿಯಿರಿ. ಸಣ್ಣ ಬೂದು ಪುಡಿಗೆ ಹೆದರಬೇಡಿ. ಉಗುರಿಗೆ ಸಿಗುವಂಥ ಹೊಳೆಯುವ ಚೂರು ಕಂಡು, ಅದು ಮ್ಯಾಗ್ನೆಟ್ಟಿಗೆ ಅಂಟದಿದ್ದರೆ ಬೇರಿಂಗ್ ಇರಬಹುದು. ಅಂಥ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಬೇಡಿ. ನನ್ನ ಫಿಲ್ಟರಿನಲ್ಲಿ ಬರೀ ಪುಡಿ ಇತ್ತು. ಎಲ್‌ಎಸ್ ಗೆಳೆಯ ಅದನ್ನೂ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, ‘ಇಷ್ಟು ಜಾಗದಲ್ಲಿ ವಿ8 ಆರಾಮಾಗಿ ಕೂರ್ತಿತ್ತು ಕಣೋ’ ಅಂದ.